ತವರಿಗೆ ಬೀಗ ಬಿದ್ದಾಗ

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ಮೂರು ಸಲ ಓದಿದೆ. ಲಿಂಗಸುಗೂರು ತಾಲ್ಲೂಕಿನ ಹಳ್ಳಿಯೊಂದರಿಂದ ಬಂದದ್ದು. ನೋಟ್‌ಬುಕ್ಕಿನ ನಾಲ್ಕು ಹಾಳೆ, ಎರಡೂ ಬದಿ ತುಂಬಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ.

ಹೋದ ಸಂಚಿಕೆಯಲ್ಲಿ ನಾವು ಬಾಣಂತನದ ಬಗ್ಗೆ ಒಂದು ಲೇಖನ ಹಾಕಿದ್ದೆವು. ತವರಿಗೆ ಹೋಗಿ, ಮೂರು ತಿಂಗಳು ಆರಾಮಾಗಿರಿ, ಅಮ್ಮನ ಕೈ ಊಟ ಮಾಡಿ ಎಂದು ಅದರಲ್ಲಿತ್ತು. ಅದನ್ನು ಓದಿ ಈ ತಂಗಿಗೆ ಸಿಟ್ಟು ಬಂದಿದೆ. "ನನ್ನ ತವರು ದೇವದುರ್ಗ ಕಡಿ. ಅವ್ವ, ಅಪ್ಪ ಇಬ್ಬರೂ ಗುಳೆ ಹೋಗ್ಯಾರ್ರಿ, ಬೆಂಗಳೂರಾಗ ಕಟ್ಟಡದ ಕೆಲಸ. ಮನಿಗೆ ಬೀಗ ಬಿದ್ದೈತಿ. ಅವ್ವ ಅಲ್ಲಿ ಶೆಡ್ಡಿನಾಗ ಕೆಲಸದವರ ಕೂಸುಗಳನ್ನ ನೋಡ್ಕೊಂತಾಳ, ನನ್ನ ಕೂಸು ನೋಡಾಕ ಬರಾಕ ಆಗವಲ್ದು. ನಾನು ಯಾವ ತವರಿಗೆ ಹೋಗ್ಲಿ?"

ಅವರ ಕೂಸಿಗೆ ಈಗ ಎಂಟು ತಿಂಗಳು. ಓಣಿಯಲ್ಲಿ ಇನ್ನೂ ಮೂವರು ಇದ್ದಾರೆ. ಒಬ್ಬಾಕೆ ಏಳು ತಿಂಗಳ ಬಸುರಿ, ಚೊಚ್ಚಲು. ಒಬ್ಬಾಕೆಯ ಮಗು ಹುಟ್ಟಿದಾಗ ಎರಡು ಕೆಜಿಯೂ ಇರಲಿಲ್ಲ, ಆಸ್ಪತ್ರೆಯಿಂದ ಈಗ ತಾನೇ ಮನೆಗೆ ಬಂದಿದೆ. ಮೂರನೆಯವಳು ಹೆತ್ತು ಒಂದೂವರೆ ತಿಂಗಳು. ಮಧ್ಯಾಹ್ನ ರೊಟ್ಟಿ ಕೆಲಸ ಮುಗಿದ ಮೇಲೆ ನಾಲ್ವರೂ ಕೊನೆಮನೆಯ ಅಜ್ಜಿಯ ಪಡಸಾಲೆಯಲ್ಲಿ ಸೇರುತ್ತಾರೆ. ಇದಕ್ಕೆ ಓಣಿಯಲ್ಲಿ ತಕರಾರು. "ಬಸುರಿ ಬಾಣಂತಿ ಒಂದ್ಕಡೆ ಕೂತ್ರ ದೃಷ್ಟಿ ಆಗ್ತೈತಿ" ಎನ್ನುವವರು ಕೆಲವರು, "ಹರಟಿ ಹೊಡಿಯಾಕ ಒಂದು ನೆವ" ಎನ್ನುವವರು ಕೆಲವರು. ಇವರ ಪ್ರಶ್ನೆ: ನಾವು ಓದಿದವರಲ್ಲ, ಒಬ್ಬರಿಗೊಬ್ಬರು ಏನೋ ಹೇಳಿ ತಪ್ಪಾದರೆ? ಕೂಡುವುದು ಬಿಡಬೇಕಾ?

ತಂಗಿ, ಮೊದಲು ತಪ್ಪು ಒಪ್ಪಿಕೊಳ್ಳುತ್ತೇನೆ. ಆ ಲೇಖನವನ್ನು ಅಚ್ಚಿಗೆ ಕಳಿಸಿದವಳು ನಾನೇ. ಸುಗ್ಗಿ ಮುಗಿದ ಮೇಲೆ ನಮ್ಮ ಬಸ್‌ ಸ್ಟ್ಯಾಂಡುಗಳಲ್ಲಿ ಗಂಟು ಮೂಟೆ, ಮಕ್ಕಳ ಸಮೇತ ಬೆಂಗಳೂರಿನ ಬಸ್ಸಿಗೆ ಕಾಯುವ ಜನರನ್ನು ವರ್ಷವೂ ನೋಡುತ್ತೇನೆ. ಆದರೂ ತವರು ಎಂದರೆ ಬಾಗಿಲು ತೆರೆದೇ ಇರುತ್ತದೆ ಎಂದುಕೊಂಡುಬಿಟ್ಟೆ. ಕುಬಸದ ಸೀರೆ, ಅಂಟಿನ ಉಂಡೆ, ಅಗ್ಗಿಷ್ಟಿಕೆ, ಲೋಬಾನದ ಹೊಗೆ ಎಲ್ಲ ಚೆಂದ. ಅದನ್ನೆಲ್ಲ ಮಾಡಲು ಮನೆಯಲ್ಲಿ ಕೂಲಿ ಬಿಟ್ಟು ಕೂರುವ ಒಂದು ಜೀವ ಬೇಕು. ಅದನ್ನು ಲೇಖನದಲ್ಲಿ ಬರೆಯಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಕೂಡುವುದನ್ನು ಬಿಡಬೇಡಿ. ಬಾಣಂತನಕ್ಕೆ ತವರಿಗೆ ಹೋದಾಗ ಅಲ್ಲಿ ಸಿಗುತ್ತಿದ್ದದ್ದು ಏನು? ಅವ್ವ, ಅತ್ತಿಗೆ, ಚಿಕ್ಕವ್ವ, ಎದುರುಮನೆ ಅಕ್ಕ, ಅಂದರೆ ನಾಲ್ಕು ಹೆಂಗಸರು. ಅದು ನಿಮ್ಮ ಪಡಸಾಲೆಯಲ್ಲೂ ಇದೆ.

ಹರಟೆ ಎನ್ನುವವರಿಗೆ ಒಂದು ಸಂಗತಿ ಹೇಳಿ. ಜಾರ್ಖಂಡ್ ಮತ್ತು ಒಡಿಶಾದ ಮೂರು ಜಿಲ್ಲೆಗಳಲ್ಲಿ 'ಏಕಜುಟ್' ಎಂಬ ಸಂಸ್ಥೆ 2005ರಿಂದ 2008ರವರೆಗೆ ಹಳ್ಳಿ ಹೆಂಗಸರನ್ನು ತಿಂಗಳಿಗೊಮ್ಮೆ ಕೂರಿಸಿತು. ಹೆಚ್ಚಿನವರು ಆದಿವಾಸಿಗಳು, ಬಹಳ ಜನಕ್ಕೆ ಓದು ಬರಹ ಇಲ್ಲ. ಸಭೆ ನಡೆಸಿದವರು ಡಾಕ್ಟರೂ ಅಲ್ಲ ನರ್ಸೂ ಅಲ್ಲ, ಅಲ್ಲಿಯದೇ ಹೆಣ್ಣುಮಕ್ಕಳು. ಚಿತ್ರ ತೋರಿಸುವುದು, ಕಥೆ ಹೇಳುವುದು, ನಮ್ಮೂರಲ್ಲಿ ಕೂಸು ಯಾಕೆ ಸತ್ತಿತು ಎಂದು ಮಾತಾಡುವುದು, ನಾವೇ ಏನು ಮಾಡಬಹುದು ಎಂದು ಗೊತ್ತುಮಾಡಿಕೊಳ್ಳುವುದು. ಇಷ್ಟೇ. 2010ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಗುಂಪು ಇಲ್ಲದ ಊರುಗಳಿಗಿಂತ ಗುಂಪು ಇದ್ದ ಊರುಗಳಲ್ಲಿ ಎಳೆಗೂಸುಗಳ ಸಾವು ಮೂರು ವರ್ಷದಲ್ಲಿ ಶೇ. 32ರಷ್ಟು ಕಡಿಮೆ ಇತ್ತು. ಕೊನೆಯ ಎರಡು ವರ್ಷ ಮಾತ್ರ ಲೆಕ್ಕ ಹಾಕಿದರೆ ಶೇ. 45. ನನಗೆ ಅಚ್ಚರಿ ಆದದ್ದು ಇನ್ನೊಂದು ಸಂಗತಿ. ಆಸ್ಪತ್ರೆಗೆ ಹೋಗುವವರ ಸಂಖ್ಯೆ ಅಲ್ಲಿ ಅಷ್ಟೇನೂ ಬದಲಾಗಿರಲಿಲ್ಲ. ಬದಲಾದದ್ದು ಮನೆಯೊಳಗಿನ ರೂಢಿ: ಹೆರಿಗೆ ಮಾಡಿಸುವವರು ಕೈ ತೊಳೆಯುವುದು, ಹೊಕ್ಕುಳಬಳ್ಳಿ ಕೊಯ್ಯುವ ಬ್ಲೇಡು, ಕಟ್ಟುವ ದಾರ ಕುದಿಸುವುದು. ನಮ್ಮಲ್ಲಿ ಈಗ ಹೆರಿಗೆ ಆಸ್ಪತ್ರೆಯಲ್ಲೇ ಆಗುವುದು ಜಾಸ್ತಿ, ಆದ್ದರಿಂದ ಲೆಕ್ಕ ಹಾಗೇ ಹೊಂದುವುದಿಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹಳ್ಳಿಗಾಡಿಗೆ ಇಂಥ ಗುಂಪುಗಳು ಬೇಕು ಎಂದು ಶಿಫಾರಸು ಮಾಡಿತು. ಹರಟೆಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಸಣ್ಣ ಮಾತಲ್ಲ, ಅಲ್ವಾ?

ಆದರೆ ನಿಮ್ಮ ಹೆದರಿಕೆಯೂ ಸರಿಯಾದದ್ದೇ. ನಿಮ್ಮ ಕೂಸು ಮೂರು ತಿಂಗಳದ್ದಿದ್ದಾಗ ಅಜ್ಜಿ ಅದಕ್ಕೆ ಬಜೆ ತೇಯ್ದು ಜೇನುತುಪ್ಪದಲ್ಲಿ ನೆಕ್ಕಿಸಿದರು, ಬೇಡ ಎನ್ನಲು ಬಾಯಿ ಬರಲಿಲ್ಲ ಎಂದು ಬರೆದಿದ್ದೀರಿ. ಜೇನುತುಪ್ಪ ವರ್ಷ ತುಂಬುವ ತನಕ ಕೊಡಲೇಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಎಳೆಮಕ್ಕಳ ಹೊಟ್ಟೆಯಲ್ಲಿ ಬೆಳೆದು ವಿಷವಾಗುತ್ತದೆ, ಕೈಕಾಲು ಸೋಲುತ್ತವೆ. ಆರು ತಿಂಗಳ ತನಕ ಎದೆಹಾಲು ಬಿಟ್ಟು ನೀರೂ ಬೇಡ. ನಮ್ಮ ರಾಯಚೂರಿನ ಬೇಸಿಗೆಯಲ್ಲೂ ಬೇಡ, ಹಾಲಿನಲ್ಲೇ ಬೇಕಾದಷ್ಟು ನೀರಿದೆ. ಆದರೆ ಅಜ್ಜಿಯನ್ನು ಎಲ್ಲರ ಮುಂದೆ ತಪ್ಪುಗಾರ್ತಿ ಮಾಡಬೇಡಿ. ಪಡಸಾಲೆ ಅವರದು! ಆಶಾ ಕಾರ್ಯಕರ್ತೆ ಬಂದ ದಿನ ಅಜ್ಜಿಯ ಎದುರೇ ಕೇಳಿ. ಆಸ್ಪತ್ರೆಯಲ್ಲಿ ಹೆರಿಗೆಯಾದರೆ ಆಶಾ 3, 7, 14, 21, 28, 42ನೇ ದಿನ, ಒಟ್ಟು ಆರು ಸಲ ಮನೆಗೆ ಬರಬೇಕು. ಆ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಬಂದಾಗ ಪಡಸಾಲೆಗೇ ಕರೆಯಿರಿ.

ಒಂದು ಗೆರೆ ಹಾಕಿಕೊಳ್ಳಿ. ಕೂಸಿನ ಬಾಯಿಗೆ ಹೋಗುವುದು, ಹೊಕ್ಕುಳಿಗೆ ಕಣ್ಣಿಗೆ ಹಚ್ಚುವುದು, ಬಸುರಿ ನುಂಗುವ ಮಾತ್ರೆ, ಇವು ಪಡಸಾಲೆಯಲ್ಲಿ ತೀರ್ಮಾನ ಆಗಬಾರದು. ಅವುಗಳಿಗೆ ಆಶಾ, ನರ್ಸಕ್ಕ, ಡಾಕ್ಟರ್ ಇದ್ದಾರೆ. ಉಳಿದದ್ದೆಲ್ಲ ನಿಮ್ಮದು. ಆ ಉಳಿದದ್ದೇ ಜಾಸ್ತಿ.

ನನ್ನ ಕಥೆ ಕೇಳಿ. ಇಪ್ಪತ್ತೆರಡು ವರ್ಷದ ಹಿಂದೆ ಕೊಪ್ಪಳದಲ್ಲಿ ಬಾಡಿಗೆ ಮನೆಯಲ್ಲಿದ್ದೆ. ಸಿಜೇರಿಯನ್ ಆಗಿತ್ತು. ನಾಲ್ಕನೇ ದಿನ ಎದೆ ಕಟ್ಟಿ ಕಲ್ಲಾಯಿತು, ಕೂಸು ಬಾಯಿ ಹಾಕಿದರೆ ಜೀವ ಹೋಗುವ ನೋವು. ಹಾಲು ಸಾಲದು, ಡಬ್ಬಿ ಹಾಲು ತರಿಸಿ ಎಂದು ಬಂದವರೆಲ್ಲ ಹೇಳಿ ಹೋದರು. ನನ್ನ ಬಳಿ ಪುಸ್ತಕಗಳ ರಾಶಿ ಇತ್ತು. ಒಂದೂ ಕೆಲಸಕ್ಕೆ ಬರಲಿಲ್ಲ. ಎದುರುಮನೆಯ ಮೂರು ಮಕ್ಕಳ ತಾಯಿ ಬಂದರು. ಏನೂ ಹೇಳಲಿಲ್ಲ. ಪಕ್ಕ ಕೂತು, ಬಿಸಿನೀರಿನ ಬಟ್ಟೆ ಇಟ್ಟು, ಒಂದಿಷ್ಟು ಹಾಲು ಹಿಂಡಿ ತೆಗೆಸಿದರು. ಕೂಸಿನ ಹೊಟ್ಟೆ ನನ್ನ ಹೊಟ್ಟೆಗೆ ತಾಗುವಂತೆ ತಿರುಗಿಸಿದರು. ಬರೀ ತೊಟ್ಟಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಹಿಡಿಸಿದರು. ಆಮೇಲೆ ನನ್ನ ಮನೆಯ ಪಾತ್ರೆ ತೊಳೆದು ಹೋದರು. ಹಾಲು ಸಾಲುತ್ತದೋ ಇಲ್ಲವೋ ಎಂದು ನಾನು ಮತ್ತೆ ಯಾರನ್ನೂ ಕೇಳಲಿಲ್ಲ.

ಆ ಪಾತ್ರೆ ತೊಳೆದದ್ದು ಈಗಲೂ ನೆನಪಿದೆ. ಬಾಣಂತಿಗೆ ಬುದ್ಧಿ ಹೇಳುವವರು ಊರು ತುಂಬ ಸಿಗುತ್ತಾರೆ. ಪಾತ್ರೆ ತೊಳೆಯುವವರು ಎಷ್ಟು ಜನ?

ಹಾಗಾಗಿ ನಿಮ್ಮ ಏಳು ತಿಂಗಳ ಬಸುರಿಗೆ ಉಪದೇಶ ಕಡಿಮೆ ಇರಲಿ. ಕಬ್ಬಿಣದ ಮಾತ್ರೆ ನುಂಗಿದರೆ ವಾಕರಿಕೆ, ಮಲ ಕಪ್ಪಾಗುತ್ತದೆ, ಅದಕ್ಕೇ ಬಿಟ್ಟಿದ್ದಾಳೆ ಅಂದಿರಿ. ಮಲ ಕಪ್ಪಾಗುವುದು ಸಹಜ, ಹೆದರುವಂಥದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ರಾಜ್ಯದ ಬಸುರಿಯರಲ್ಲಿ ಅರ್ಧಕ್ಕೆ ಹತ್ತಿರ ಜನಕ್ಕೆ ರಕ್ತ ಕಡಿಮೆ. ರಕ್ತ ಕಡಿಮೆ ಇದ್ದವಳಿಗೆ ಹೆರಿಗೆಯಲ್ಲಿ ರಕ್ತ ಹೋದರೆ ತಡೆದುಕೊಳ್ಳುವುದು ಕಷ್ಟ. ಅವಳು ಮಾತ್ರೆಯನ್ನು ಪಡಸಾಲೆಗೇ ತರಲಿ, ಊಟ ಆದ ಮೇಲೆ ನಿಮ್ಮ ಮುಂದೆ ನುಂಗಲಿ. ಆಮೇಲೆ ಒಂದು ಗಂಟೆ ಚಹಾ ಬೇಡ. ನಿಂಬೆಹಣ್ಣೋ ಪೇರಲವೋ ಇದ್ದರೆ ಒಳ್ಳೆಯದು. ಅಂಗನವಾಡಿಯ ಮಾತೃಪೂರ್ಣ ಊಟಕ್ಕೂ ಜೊತೆಗೆ ಕರೆದುಕೊಂಡು ಹೋಗಿ. 2017ರ ಅಕ್ಟೋಬರ್ 2ರಂದು ರಾಜ್ಯಕ್ಕೆಲ್ಲ ಬಂದ ಆ ಯೋಜನೆಯನ್ನು ಅದಕ್ಕೂ ಮೊದಲು ಪರೀಕ್ಷೆಗೆ ಇಟ್ಟ ತಾಲ್ಲೂಕುಗಳಲ್ಲಿ ನಿಮ್ಮ ಜಿಲ್ಲೆಯ ಮಾನ್ವಿಯೂ ಒಂದು. ಒಬ್ಬಳೇ ಹೋಗಿ ಉಣ್ಣಲು ನಾಚಿಕೆ ಎಂದು ಎಷ್ಟೋ ಜನ ಮನೆಯಲ್ಲೇ ಉಳಿಯುತ್ತಾರೆ. ನಾಲ್ವರು ಹೋದರೆ ನಾಚಿಕೆ ಎಲ್ಲಿಂದ?

ಅವಳಿಗೆ ತಲೆ ಸಿಡಿಯುವ ನೋವು, ಕಣ್ಣು ಮಂಜು, ಮುಖ ಕೈ ಊತ, ರಕ್ತ ಕಾಣುವುದು, ಕೂಸಿನ ಅಲುಗಾಟ ಕಡಿಮೆ, ಇವುಗಳಲ್ಲಿ ಯಾವುದೇ ಒಂದು ಕಂಡರೂ ಮಾತು ನಿಲ್ಲಿಸಿ 108ಕ್ಕೆ ಫೋನ್ ಮಾಡಿ. ಅತ್ತೆ ಹೊಲದಿಂದ ಬರಲಿ ಎಂದು ಕಾಯಬೇಡಿ.

ಕಡಿಮೆ ತೂಕದ ಕೂಸಿನ ತಾಯಿ ಹಗಲೂ ರಾತ್ರಿ ಕೂಸನ್ನು ಎದೆಗೆ ಕಟ್ಟಿಕೊಂಡೇ ಇದ್ದಾಳೆ, ಆಸ್ಪತ್ರೆಯವರು ಹಾಗೇ ಹೇಳಿದ್ದಾರೆ, ಸರಿಯಾ ಎಂದು ಕೇಳಿದ್ದೀರಿ. ನೂರಕ್ಕೆ ನೂರು ಸರಿ. ಇದಕ್ಕೆ ಕಾಂಗರೂ ಆರೈಕೆ ಎನ್ನುತ್ತಾರೆ. 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ, ಕೂಸು ಬೆಚ್ಚಗಿಡುವ ಯಂತ್ರಗಳು ಸಾಲದೆ ಬಂದಾಗ ಶುರುವಾದದ್ದು. ದೂರದ ಮಾತು ಯಾಕೆ, ನಮ್ಮ ಕೊಪ್ಪಳ ಜಿಲ್ಲೆಯಲ್ಲೇ ಸರ್ಕಾರಿ ಆಸ್ಪತ್ರೆಗಳಿಂದ ಹಿಡಿದು ಮನೆಯವರೆಗೆ ಇದನ್ನು ಹಬ್ಬಿಸುವ ದೊಡ್ಡ ಪ್ರಯತ್ನ ನಡೆದಿದೆ. ದಿನಕ್ಕೆ ಎಂಟು ಗಂಟೆಗೆ ಕಡಿಮೆ ಇಲ್ಲದಂತೆ, ಆದಷ್ಟು ಹೆಚ್ಚು ಹೊತ್ತು, ಮೈಗೆ ಮೈ ತಾಗಿಸಿ ಇಟ್ಟುಕೊಳ್ಳಬೇಕು. ಬಹಳ ಜನಕ್ಕೆ ಗೊತ್ತಿಲ್ಲದ ಮಾತು: ತಾಯಿಯೇ ಆಗಬೇಕೆಂದಿಲ್ಲ. ಅಪ್ಪನ ಎದೆಯೂ ಬೆಚ್ಚಗೇ ಇರುತ್ತದೆ. ಅತ್ತೆ, ನಾದಿನಿ ಯಾರಾದರೂ ಕೈ ತೊಳೆದು, ಜ್ವರ ಕೆಮ್ಮು ಇಲ್ಲದಿದ್ದರೆ, ಕೂರಬಹುದು. ಅವಳು ಒಂದು ತಾಸು ಮಲಗಲಿ. ಅವಳ ಗಂಡನನ್ನು ಒಪ್ಪಿಸುವ ಕೆಲಸ ಅಜ್ಜಿಗೆ ಬಿಡಿ. ಈ ಕೆಲಸಕ್ಕೆ ಅಜ್ಜಿಯಷ್ಟು ಯೋಗ್ಯರು ಇನ್ನೊಬ್ಬರಿಲ್ಲ.

ಈಗ ಮೂರನೆಯವಳು. ಪತ್ರದಲ್ಲಿ ಅವಳಿಗೆ ನೀವು ಕೊಟ್ಟದ್ದು ಐದೇ ಸಾಲು. ನನಗೆ ನಿದ್ದೆ ಕೆಡಿಸಿದ್ದು ಆ ಐದು ಸಾಲು. ಗೋಡೆ ಕಡೆ ಮುಖ ಮಾಡಿ ಕೂರುತ್ತಾಳೆ, ಕೂಸು ಅತ್ತರೂ ಕೇಳಿಸದವಳ ಹಾಗೆ ಇರುತ್ತಾಳೆ, ಊಟ ಸೇರುವುದಿಲ್ಲ. ಮನೆಯವರು ಗಾಳಿ ಸೋಕಿದೆ ಎಂದು ಅಂತ್ರ ಕಟ್ಟಿಸಿದ್ದಾರೆ. "ಸೊಕ್ಕು" ಅಂದವರೂ ಇದ್ದಾರೆ.

ಹೆತ್ತ ಮೊದಲ ಒಂದೆರಡು ವಾರ ಕಾರಣ ಇಲ್ಲದೆ ಅಳು ಬರುವುದು ಬಹಳ ಜನಕ್ಕೆ ಆಗುತ್ತದೆ, ಹೋಗುತ್ತದೆ. ಅವಳಿಗೆ ಒಂದೂವರೆ ತಿಂಗಳಾಗಿದೆ. ಇದು ಸೊಕ್ಕಲ್ಲ, ಕಾಯಿಲೆ. ಬಾಣಂತಿಯರ ಖಿನ್ನತೆ ಎನ್ನುತ್ತಾರೆ, ಔಷಧಿ ಇದೆ, ವಾಸಿಯಾಗುತ್ತದೆ. ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ, ಯಾವುದೆಂದು ಡಾಕ್ಟರ್ ಹೇಳುತ್ತಾರೆ. ಅಂತ್ರದ ಜೊತೆ ಜಗಳಕ್ಕೆ ಹೋಗಬೇಡಿ. ಅಂತ್ರ ಕೈಯಲ್ಲಿರಲಿ, ಆಸ್ಪತ್ರೆಗೂ ಹೋಗಲಿ. ಜಿಲ್ಲಾ ಆಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯ ವಿಭಾಗ ಇರುತ್ತದೆ. ಅಲ್ಲಿಗೆ ಹೋಗುವ ಮೊದಲು ಮಾತಾಡಬೇಕೆಂದರೆ ಟೆಲಿ ಮಾನಸ್, 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ. ಅವಳ ಪಕ್ಕ ಕೂತು ನೀವೇ ಫೋನ್ ಹಚ್ಚಿಕೊಡಿ.

"ಹೆಂಗದೀಯವ್ವಾ" ಎಂದರೆ "ಆರಾಮ" ಎಂದೇ ಹೇಳುತ್ತಾಳೆ. "ರಾತ್ರಿ ನಿದ್ದಿ ಹತ್ತತೈತೇನು? ಕೂಸಿನ ಮ್ಯಾಲೆ ಸಿಟ್ಟು ಬರತೈತೇನು? ನನಗೂ ಬಂದಿತ್ತು" ಎಂದು ಕೇಳಿ ನೋಡಿ. ಆ ಕೊನೆಯ ಮಾತು ಡಾಕ್ಟರಿಂದ ಬರುವುದಿಲ್ಲ, ನಿಮ್ಮಿಂದ ಬರಬೇಕು. ಏಕಜುಟ್ ಗುಂಪುಗಳಿದ್ದ ಊರುಗಳಲ್ಲಿ ಮೂರನೇ ವರ್ಷದ ಹೊತ್ತಿಗೆ ತಾಯಂದಿರ ಮಧ್ಯಮ ಮಟ್ಟದ ಖಿನ್ನತೆ ಅರ್ಧಕ್ಕಿಂತ ಹೆಚ್ಚು ಇಳಿದಿತ್ತು. ಆ ಸಭೆಗಳು ಖಿನ್ನತೆಗೆಂದು ನಡೆದವೂ ಅಲ್ಲ. ಆದರೆ ಸಾಯಬೇಕು ಅನ್ನಿಸುತ್ತದೆ, ಕೂಸಿಗೆ ಏನಾದರೂ ಮಾಡಿಬಿಡುತ್ತೇನೆ ಎಂದು ಅವಳ ಬಾಯಿಂದ ಬಂದರೆ, ಇಲ್ಲವೇ ಇಲ್ಲದ್ದು ಕಾಣುತ್ತಿದೆ ಕೇಳುತ್ತಿದೆ ಅಂದರೆ, ಒಂದು ಗಳಿಗೆಯೂ ಒಬ್ಬಳನ್ನೇ ಬಿಡಬೇಡಿ. ಅವತ್ತೇ ಆಸ್ಪತ್ರೆ. ಅವಳು ಹೇಳಿದ್ದು ಪಡಸಾಲೆಯ ಹೊಸಿಲು ದಾಟಬಾರದು, ಆ ಕರಾರು ನಿಮ್ಮೊಳಗೆ ಇರಲಿ. ಇಲ್ಲಿ ಮಾತ್ರ ಅದು ಮುರಿಯಲಿ, ಮನೆಯವರಿಗೆ ತಿಳಿಸಿ.

ಗುಂಪಿಗೆ ಹೆಸರು ಇಡಲೇ ಎಂದು ಕೇಳಿದ್ದೀರಿ. ಸುಮ್ನೆ ಯಾಕೆ? ಹೆಸರಿಟ್ಟರೆ ಅಧ್ಯಕ್ಷರು ಬೇಕು, ಅಧ್ಯಕ್ಷರಾದ ಮೇಲೆ ಶಾಲು ಹಾರ ಬೇಕು, ಆಮೇಲೆ ಜಗಳ. ಹೆಸರಿಗಿಂತ ಅತ್ತೆಯಂದಿರನ್ನು ಕರೆಯುವುದು ಮುಖ್ಯ. ಅವರನ್ನು ಹೊರಗಿಟ್ಟರೆ ಮಧ್ಯಾಹ್ನ ಮಾತಾಡಿದ್ದು ಸಂಜೆ ಒಲೆ ಮುಂದೆ ಬಿದ್ದುಹೋಗುತ್ತದೆ. ಕೂಲಿಗೆ ಹೋಗಲು ಶುರು ಮಾಡಿದಾಗ ಕೂಸು ಎಲ್ಲಿ ಬಿಡಲಿ ಎಂಬುದಕ್ಕೆ, ನಿಮ್ಮ ಪಂಚಾಯ್ತಿಯಲ್ಲಿ 'ಕೂಸಿನ ಮನೆ' ನಡೆಯುತ್ತಿದೆಯಾ ವಿಚಾರಿಸಿ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆಂದು ಮಾಡಿದ್ದು, ನೋಡಿಕೊಳ್ಳುವವರೂ ಅದೇ ಊರಿನ ಹೆಂಗಸರು. ಬಾಗಿಲು ಹಾಕಿದ್ದರೆ ನಾಲ್ವರೂ ಕೂಡಿ ಹೋಗಿ ಪಿಡಿಒ ಅವರನ್ನು ಕೇಳಿ.

ಅವ್ವ ಉಗಾದಿಗೆ ಬರುತ್ತಾರೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಎಂಟು ದಿನಕ್ಕೇ ಬಂದಿರಲಿ, ಒಂದು ಮಧ್ಯಾಹ್ನ ಪಡಸಾಲೆಗೆ ಕರೆದುಕೊಂಡು ಹೋಗಿ. ಬೇರೆ ಬೇರೆ ಊರಿನಿಂದ ಬಂದ, ಬೇರೆ ಬೇರೆ ಮಾತಾಡುವ ತಾಯಂದಿರ ಕೂಸುಗಳನ್ನು ಒಂದು ತಗಡಿನ ಶೆಡ್ಡಿನಲ್ಲಿ ಅವರು ಹೇಗೆ ಮಲಗಿಸುತ್ತಾರೆ, ಯಾವ ಜೋಗುಳ ಹಾಡುತ್ತಾರೆ, ಯಾರು ಏನು ಉಣಿಸಿ ಹೋಗುತ್ತಾರೆ, ಕೇಳಿ. ಕೇಳಿದ್ದನ್ನು ಬರೆದು ಕಳಿಸಿ. ಮುಂದಿನ ಸಲ ಬಾಣಂತನದ ಲೇಖನ ಹಾಕುವಾಗ ಅದನ್ನೇ ಹಾಕುತ್ತೇನೆ.

— ಸಂಪಾದಕಿ