ಮಾಸ್ಕೋದಲ್ಲಿ ಇಂಗ್ಲಿಷರ ಆಂಗ್ಲಿಕನ್ ಚರ್ಚ್ ಇದೆಯಂತೆ, ಅದು ಅಲ್ಲಿಗೆ ಹೇಗೆ ಬಂತು?

ವ್ಯಾಪಾರದಿಂದ ಬಂತು. ಇಂಗ್ಲಿಷ್ ವರ್ತಕರು 16ನೇ ಶತಮಾನದಲ್ಲೇ, ತ್ಸಾರ್ ನಾಲ್ಕನೇ ಇವಾನನ ಕಾಲದಲ್ಲಿ, ಮಾಸ್ಕೋಗೆ ಕಾಲಿಟ್ಟಿದ್ದರು. 19ನೇ ಶತಮಾನದಲ್ಲಿ ಅಲ್ಲಿನ ಬಟ್ಟೆ ಗಿರಣಿಗಳಿಗೆ ಬ್ರಿಟಿಷ್ ಎಂಜಿನಿಯರುಗಳು, ಮೇಸ್ತ್ರಿಗಳು ಬಂದರು. ಹೆಂಡತಿ ಮಕ್ಕಳೂ ಜೊತೆಗೆ ಬಂದ ಮೇಲೆ ಮದುವೆ, ನಾಮಕರಣಕ್ಕೆ ತಮ್ಮದೇ ಚರ್ಚ್ ಬೇಕಾಯಿತು, ಅಲ್ವಾ?

ಈಗಿನ ಸೇಂಟ್ ಆಂಡ್ರ್ಯೂಸ್ ಚರ್ಚ್ ಕಟ್ಟಿದ್ದು 1884ರ ಸುಮಾರಿಗೆ. ವೊಜ್ನೆಸೆನ್ಸ್ಕಿ ಓಣಿಯಲ್ಲಿದೆ, ಕ್ರೆಮ್ಲಿನ್‌ನಿಂದ ನಡೆದೇ ಹೋಗಬಹುದು. ಕೆಂಪು ಇಟ್ಟಿಗೆ, ಚೌಕನೆಯ ಗೋಪುರ. ಈರುಳ್ಳಿ ಗುಮ್ಮಟಗಳ ಊರಿನಲ್ಲಿ ಇಂಗ್ಲೆಂಡಿನ ಯಾವುದೋ ಹಳ್ಳಿಯಿಂದ ಎತ್ತಿ ತಂದಿಟ್ಟ ಹಾಗೆ ಕಾಣುತ್ತದೆ. ಆಂಡ್ರ್ಯೂ ಸ್ಕಾಟ್ಲೆಂಡಿನ ಪೋಷಕ ಸಂತ. ಇಲ್ಲಿ ಸ್ಕಾಟಿಷ್ ಜನರೂ ಜಾಸ್ತಿ ಇದ್ದರು.

1917ರ ರಷ್ಯಾ ಕ್ರಾಂತಿಯಾದ ಮೇಲೆ ಬ್ರಿಟಿಷರು ಊರು ಬಿಟ್ಟರು, 1920ರಲ್ಲಿ ಚರ್ಚ್ ಮುಚ್ಚಿತು. ಮುಂದಿನದೇ ನನಗೆ ಇಷ್ಟವಾದ ಭಾಗ. ಒಳಗೆ ದನಿ ಅಷ್ಟು ಚೆನ್ನಾಗಿ ಕೂರುತ್ತಿತ್ತು ಅಂತ, ಸೋವಿಯತ್ ಸರ್ಕಾರದ ಮೆಲೋಡಿಯಾ ಕಂಪನಿ ಅದನ್ನು ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿತು! ಪ್ರಾರ್ಥನೆ ನಿಂತ ಜಾಗದಲ್ಲಿ ಆರ್ಕೆಸ್ಟ್ರಾ.

1991ರಲ್ಲಿ ಪೂಜೆ ಮತ್ತೆ ಶುರುವಾಯಿತು. 1994ರಲ್ಲಿ ರಾಣಿ ಎರಡನೇ ಎಲಿಜಬೆತ್ ಕೂಡ ಬಂದು ಹೋದರು. ಈಗ ಬ್ರಿಟಿಷರಷ್ಟೇ ಅಲ್ಲ, ಇಂಗ್ಲಿಷ್ ಬಲ್ಲ ಬೇರೆ ಬೇರೆ ದೇಶದವರೂ ಬರುತ್ತಾರೆ.