ಕೀಮೋ ನಡೆಯುವಾಗ ಅಮ್ಮನಿಗೆ ಇಷ್ಟೊಂದು ಸುಸ್ತು ಏಕೆ?

ಸ್ತನ ಕ್ಯಾನ್ಸರಿಗೆ ಕೀಮೋ ಪಡೆಯುತ್ತಿರುವ ನಿಮ್ಮ ತಾಯಿ ದಿನವಿಡೀ ಮಲಗಿದರೂ ಸುಸ್ತು ಎನ್ನುತ್ತಾರೆ, ಮನೆಯವರು ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುತ್ತಾರೆ, ಇದು ಸಹಜವೇ ಎಂದು ಕೇಳಿದ್ದೀರಿ. ಸಹಜ. ಅದೇ ಚಿಕಿತ್ಸೆ ಪಡೆದವಳು ನಾನು. ಮೊದಲು ‘ಮನಸ್ಸು ಗಟ್ಟಿ ಮಾಡಿಕೋ’ ಎನ್ನುವುದನ್ನು ನಿಲ್ಲಿಸಿ. ಹೊಲದಲ್ಲಿ ದುಡಿದ ದಣಿವು ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತದೆ, ಇದು ಇಳಿಯುವುದಿಲ್ಲ. ಸ್ನಾನ ಮುಗಿಸಿ ಬಟ್ಟೆ ಉಡುವ ಮೊದಲು ನಾನು ಮಂಚದ ಮೇಲೆ ಕುಳಿತು ಸುಧಾರಿಸಿಕೊಳ್ಳಬೇಕಾಗುತ್ತಿತ್ತು. ಪತ್ರಿಕೆಯ ನಾಲ್ಕು ಸಾಲು ತಲೆಗೆ ಹತ್ತುತ್ತಿರಲಿಲ್ಲ.

ಮುಂದಿನ ಸಲ ವೈದ್ಯರ ಬಳಿ ಬರೀ ‘ಸುಸ್ತು’ ಎನ್ನಬೇಡಿ. ಸೊನ್ನೆ ಎಂದರೆ ಸುಸ್ತೇ ಇಲ್ಲ, ಹತ್ತು ಎಂದರೆ ತಡೆಯಲಾಗದ ಸುಸ್ತು, ಇದರೊಳಗೆ ಎಷ್ಟು ಎಂದು ಅಮ್ಮನನ್ನೇ ಕೇಳಿ, ಆ ಅಂಕಿ ಹೇಳಿ. 4 ಅಥವಾ ಹೆಚ್ಚಿದ್ದರೆ ಕಾರಣ ಹುಡುಕಲೇಬೇಕು. ಹಿಮೋಗ್ಲೋಬಿನ್ ಕುಸಿದಿರಬಹುದು, ಥೈರಾಯ್ಡ್ ಏರುಪೇರಾಗಿರಬಹುದು. ನೋವು, ನಿದ್ದೆಗೇಡು, ಖಿನ್ನತೆ, ಊಟ ಸೇರದಿರುವುದು, ಮಂಪರು ತರುವ ಮಾತ್ರೆ ಕೂಡ ಕಾರಣವಾಗಬಹುದು. ಇವುಗಳಿಗೆ ಪರಿಹಾರವಿದೆ. ‘ಕೀಮೋ ಎಂದರೆ ಇಷ್ಟೇ’ ಎಂದು ಎಷ್ಟೋ ಹೆಂಗಸರು ಬಾಯಿಬಿಡದೆ ಸಹಿಸುವುದು ಕಂಡರೆ ನನಗೆ ಸಂಕಟವಾಗುತ್ತದೆ. ಬೀಟ್‌ರೂಟ್, ದಾಳಿಂಬೆ ತಿನ್ನಲಿ, ಆದರೆ ರಕ್ತಪರೀಕ್ಷೆಯ ಬದಲಿಗೆ ಅದನ್ನೇ ನಂಬಬೇಡಿ. ವೈದ್ಯರನ್ನು ಕೇಳದೆ ಕಷಾಯವೂ ಬೇಡ.

ದಿನವಿಡೀ ಮಲಗಿಸಬೇಡಿ. ಮಲಗಿದಷ್ಟೂ ಸ್ನಾಯುಗಳ ಬಲ ಕುಂದಿ ಆಯಾಸ ಹೆಚ್ಚುತ್ತದೆ. ಈ ಸುಸ್ತಿಗೆ ಚೆನ್ನಾಗಿ ಸಾಬೀತಾಗಿರುವ ಉಪಾಯಗಳಲ್ಲಿ ಹಗುರವಾದ ವ್ಯಾಯಾಮವೂ ಒಂದು. ವೈದ್ಯರು ಒಪ್ಪಿದರೆ ಅಂಗಳದಲ್ಲಿ ಐದು ನಿಮಿಷದ ನಡಿಗೆಯಿಂದ ಆರಂಭಿಸಲಿ. ಹಗಲಿನ ನಿದ್ದೆ ಅರ್ಧ ಗಂಟೆ ಸಾಕು.

ಸಾಮಾನ್ಯವಾಗಿ ಕೀಮೋ ಆದ ಮೊದಲ ಕೆಲವು ದಿನ ತೀರಾ ಕಷ್ಟ, ಮುಂದಿನ ಸುತ್ತಿನ ಹೊತ್ತಿಗೆ ತುಸು ಹಗುರ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ. ಕಷ್ಟದ ದಿನಗಳಲ್ಲಿ ನೋಡಲು ಬರುವ ನೆಂಟರನ್ನು ತಡೆಯಿರಿ. ಅವರು ಬಂದರೆ ಅಮ್ಮ ಕಾಫಿ ಮಾಡಲು ಏಳುತ್ತಾರೆ. ಹಾಗೆಂದು ಎಲ್ಲ ಕೆಲಸವನ್ನೂ ಕಿತ್ತುಕೊಳ್ಳಬೇಡಿ. ಕುಳಿತು ಸೊಪ್ಪು ಬಿಡಿಸುವುದೊಂದನ್ನು ನಾನು ಕೇಳಿ ಪಡೆದೆ, ಈ ಮನೆಗೆ ನಾನಿನ್ನೂ ಬೇಕಾದವಳು ಎನಿಸುತ್ತಿತ್ತು.

ರೇಡಿಯೇಶನ್ ಇದ್ದರೆ ಸುಸ್ತು ವಾರದಿಂದ ವಾರಕ್ಕೆ ಏರುವುದುಂಟು. ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ ಉಳಿಯಬಹುದು, ಅಷ್ಟಕ್ಕೇ ರೋಗ ಮರಳಿತೆಂದು ಹೆದರಬೇಡಿ. ಆದರೆ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಮಾತು ತಡವರಿಸಿದರೆ ಮಾತ್ರೆ ಕೊಟ್ಟು ಬೆಳಗಾಗುವವರೆಗೆ ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೊರಡಿ.