ಹದಿನೆಂಟಕ್ಕೇ ಮೈನರ್ ಲೀಗ್ ಒಪ್ಪಂದಕ್ಕೆ ಸಹಿ ಹಾಕಬಹುದೇ?

ಪ್ರಶ್ನೆ: ನನ್ನ ಅಕ್ಕನ ಮಗ ಅಮೆರಿಕದ ಟೆಕ್ಸಸ್‌ನಲ್ಲಿ ಹುಟ್ಟಿ ಬೆಳೆದವನು, ಈ ವರ್ಷ ಹೈಸ್ಕೂಲು ಮುಗಿಸುತ್ತಾನೆ. ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಪಿಚರ್ (ನಮ್ಮ ಬೌಲರ್‌ನಂತೆ ಚೆಂಡೆಸೆಯುವವನು) ಆಗಿರುವ ಅವನ ಮೇಲೆ ಒಂದೆರಡು ವೃತ್ತಿಪರ ಕ್ಲಬ್ಬುಗಳು ಕಣ್ಣಿಟ್ಟಿವೆಯಂತೆ. ಕಾಲೇಜೊಂದು ವಿದ್ಯಾರ್ಥಿವೇತನ ಕೊಡಲು ಮುಂದೆ ಬಂದಿದೆ. ಹುಡುಗ ನೇರವಾಗಿ ಮೈನರ್ ಲೀಗಿಗೆ ಹೋಗುತ್ತೇನೆ ಎನ್ನುತ್ತಾನೆ, ಭಾವ ಓದು ಮೊದಲು ಎನ್ನುತ್ತಾರೆ. ಕ್ರಿಕೆಟ್ ಬಿಟ್ಟು ಬೇರೇನೂ ತಿಳಿಯದ ನನ್ನನ್ನು ಪಂಚಾಯಿತಿಗೆ ಕೂರಿಸಿದ್ದಾರೆ. ಮೈನರ್ ಲೀಗ್ ಎಂದರೆ ನಮ್ಮ ರಣಜಿ ಇದ್ದ ಹಾಗೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ರಣಜಿಯಂತಲ್ಲ, ಮತ್ತು ಈ ವ್ಯತ್ಯಾಸದಲ್ಲೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರವಿದೆ. ರಣಜಿ ತಂಡ ತನ್ನ ರಾಜ್ಯಕ್ಕಾಗಿ ಗೆಲ್ಲಲು ಆಡುತ್ತದೆ. ಮೈನರ್ ಲೀಗಿನ ಆಟಗಾರರಾದರೋ ಮೇಲಿರುವ ಮೇಜರ್ ಲೀಗ್ (ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಲೀಗ್) ಕ್ಲಬ್ಬಿನ ನೌಕರರು. ಅಲ್ಲಿ ಪಂದ್ಯ ಗೆಲ್ಲುವುದಕ್ಕಿಂತ ಆಟಗಾರನನ್ನು ಪಳಗಿಸುವುದೇ ಮುಖ್ಯ. ಮೂವತ್ತು ಕ್ಲಬ್ಬುಗಳಿಗೆ ತಲಾ ನಾಲ್ಕರಂತೆ ಒಟ್ಟು 120 ತಂಡಗಳು ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ ಎಂಬ ಮೆಟ್ಟಿಲುಗಳಲ್ಲಿ ಆಡುತ್ತವೆ. ಇವುಗಳಿಗೂ ಕೆಳಗೆ ಫ್ಲೋರಿಡಾ ಮತ್ತು ಅರಿಜೋನಾದ ತರಬೇತಿ ಕೇಂದ್ರಗಳಲ್ಲಿ ಹೊಸಬರ ರೂಕಿ ಲೀಗುಗಳಿವೆ. ಹದಿನೆಂಟರ ಪಿಚರ್ ಸಾಮಾನ್ಯವಾಗಿ ಅಲ್ಲಿಂದಲೇ ಆರಂಭಿಸುತ್ತಾನೆ.

ಪಂದ್ಯ ಆರಂಭಿಸುವ ಪಿಚರ್‌ಗೆ ವಾರಕ್ಕೊಂದು ದಿನ ಮಾತ್ರ ನಿಜವಾದ ಕೆಲಸವೆಂದು ಹೊರಗಿನವರಿಗೆ ತೋರುತ್ತದೆ. ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯೊಡನೆ ಆರು ಪಂದ್ಯಗಳು, ಸೋಮವಾರ ಬಿಡುವು ಅಥವಾ ಬಸ್ ಪ್ರಯಾಣ. ಈ ಸುತ್ತಿನಲ್ಲಿ ಅವನ ಸರದಿ ಬರುವುದು ಒಮ್ಮೆ. ಉಳಿದ ದಿನಗಳಲ್ಲಿ ಓಟ, ವ್ಯಾಯಾಮ, ಹಗುರ ಎಸೆತ, ನಡುವೆ ಒಮ್ಮೆ ಬುಲ್‌ಪೆನ್ನಿನಲ್ಲಿ (ಪಿಚರ್‌ಗಳು ಅಭ್ಯಾಸ ಮಾಡುವ ಜಾಗ) ಕೋಚ್ ಎದುರು ಎಣಿಸಿ ಹಾಕುವ ಚೆಂಡುಗಳು ಇರುತ್ತವೆ. ಆ ಅಭ್ಯಾಸದಲ್ಲಿ ಪ್ರತಿ ಎಸೆತದ ವೇಗ, ತಿರುಗುವಿಕೆ, ಕೈಯಿಂದ ಬಿಟ್ಟ ಎತ್ತರ ಎಲ್ಲವನ್ನೂ ಕ್ಯಾಮರಾಗಳು ಅಳೆಯುತ್ತವೆ. ಕ್ಲಬ್ಬಿನವರು ಗೆಲುವು-ಸೋಲುಗಳ ಪಟ್ಟಿಗಿಂತ ಈ ಅಂಕಿಗಳನ್ನೇ ಹೆಚ್ಚು ನೆಚ್ಚುತ್ತಾರೆ. ಆದ್ದರಿಂದ ಸೋಲುತ್ತಿರುವ ಹುಡುಗ ಮೇಲಿನ ಮೆಟ್ಟಿಲಿಗೆ ಹೋಗುವುದೂ, ಗೆಲ್ಲುತ್ತಿರುವವನು ಮನೆಗೆ ಮರಳುವುದೂ ಅಲ್ಲಿ ಅಪರೂಪವಲ್ಲ.

ಇನ್ನು ಹಣದ ವಿಚಾರ. ಹಿಂದೆ ಈ ಆಟಗಾರರ ಸಂಬಳ ನಾಚಿಕೆಗೇಡಿನದಾಗಿತ್ತು. 2022ರಲ್ಲಿ ಅವರು ಮೇಜರ್ ಲೀಗ್ ಆಟಗಾರರ ಸಂಘ ಸೇರಿದ ಮೇಲೆ, 2023ರ ಒಪ್ಪಂದದಲ್ಲಿ ವಾರ್ಷಿಕ ಕನಿಷ್ಠ ವೇತನ ರೂಕಿ ಮಟ್ಟದಲ್ಲಿ 4,800 ಡಾಲರ್‌ಗಳಿಂದ 19,800ಕ್ಕೆ, ಟ್ರಿಪಲ್-ಎಯಲ್ಲಿ 17,500ರಿಂದ 35,800ಕ್ಕೆ ಏರಿತು. ವಸತಿಯನ್ನು ಬಹುತೇಕ ಆಟಗಾರರಿಗೆ ಕ್ಲಬ್ಬೇ ಒದಗಿಸುತ್ತದೆ. ಬದುಕಲು ಸಾಕು, ಕೂಡಿಡಲು ಸಾಲದು. 2025ರಲ್ಲಿ ಮೇಜರ್ ಲೀಗಿನ ಕನಿಷ್ಠ ವೇತನ 7,60,000 ಡಾಲರ್ ಇತ್ತು. ಆದರೆ ಬಹುಪಾಲು ಮಂದಿ ಆ ಮೈದಾನ ಕಾಣದೆಯೇ ಆಟ ಬಿಡುತ್ತಾರೆ. ಹಾಗಾಗಿ ಹುಡುಗನಿಗೆ ಖಚಿತವಾಗಿ ಕೈಸೇರುವ ದೊಡ್ಡ ಮೊತ್ತವೆಂದರೆ ಸಹಿ ಹಾಕುವಾಗಿನ ಬೋನಸ್ ಒಂದೇ, ಮತ್ತು ನಿರ್ಧಾರ ನಿಲ್ಲಬೇಕಾದದ್ದು ಅದರ ಮೇಲೆ.

ತೋಳಿನ ವೇಗವೊಂದನ್ನೇ ನಂಬಿ ಮುಂದಡಿ ಇಡುವುದು ತರವಲ್ಲ. ಮೈನರ್ ಲೀಗ್ ಪಿಚರ್ ಸ್ಟೀವ್ ಡಾಲ್ಕೋವ್‌ಸ್ಕಿಯಷ್ಟು ಬಿರುಸಾಗಿ ಎಸೆದವರು ಇಲ್ಲವೆಂದೇ ಹಳಬರು ಹೇಳುತ್ತಾರೆ. 1960ರಲ್ಲಿ ಸ್ಟಾಕ್‌ಟನ್ ತಂಡಕ್ಕಾಗಿ 170 ಇನಿಂಗ್ಸ್ (ಬೇಸ್‌ಬಾಲಿನ ಒಂದು ಪಂದ್ಯಕ್ಕೆ ಒಂಬತ್ತು) ಆಡಿದ ಅವರು 262 ಸ್ಟ್ರೈಕ್‌ಔಟ್ (ಎಸೆತದಿಂದಲೇ ಬ್ಯಾಟರ್‌ನನ್ನು ಔಟ್ ಮಾಡುವುದು) ಪಡೆದರು, ಅಷ್ಟೇ ಸಂಖ್ಯೆಯ ವಾಕ್‌ಗಳನ್ನೂ (ಗುರಿತಪ್ಪಿದ ಎಸೆತಗಳಿಂದ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಬೇಸ್) ಬಿಟ್ಟುಕೊಟ್ಟರು. 1963ರಲ್ಲಿ ಕೊನೆಗೂ ಹದಕ್ಕೆ ಬಂದು ಮೇಜರ್ ಲೀಗಿನ ಬಾಗಿಲಲ್ಲಿದ್ದಾಗ ಮೊಣಕೈ ಕೈಕೊಟ್ಟಿತು. ಒಂದು ಪಂದ್ಯವನ್ನೂ ಅಲ್ಲಿ ಆಡಲಿಲ್ಲ. ಈಗ ಹರಿದ ಮೊಣಕೈ ಕಟ್ಟನ್ನು ಸರಿಪಡಿಸಲು ಟಾಮಿ ಜಾನ್ ಶಸ್ತ್ರಚಿಕಿತ್ಸೆ ಇದೆ, ನಿಜ. ಆದರೆ ಚೇತರಿಕೆಗೆ ಒಂದು ವರ್ಷಕ್ಕೂ ಮಿಕ್ಕಿದ ಕಾಲ ಬೇಕು.

ಭಾರತದಿಂದ ಹೋದವರ ಉದಾಹರಣೆಯೂ ಇದೆ. ಉತ್ತರ ಪ್ರದೇಶದ ಜಾವೆಲಿನ್ ಪಟುಗಳಾದ ರಿಂಕು ಸಿಂಗ್ (ಕ್ರಿಕೆಟಿಗ ರಿಂಕು ಅಲ್ಲ) ಮತ್ತು ದಿನೇಶ್ ಪಟೇಲ್ ಟಿವಿ ಸ್ಪರ್ಧೆಯೊಂದರಲ್ಲಿ ಗಮನ ಸೆಳೆದು 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಕ್ಲಬ್ಬಿಗೆ ಸಹಿ ಹಾಕಿದರು. ದಿನೇಶ್ 2010ರಲ್ಲೇ ಹೊರಬಿದ್ದರು. ಎಡಗೈ ಪಿಚರ್ ರಿಂಕು 2012ರಲ್ಲಿ ವೆಸ್ಟ್ ವರ್ಜೀನಿಯಾ ತಂಡದಲ್ಲಿ ಚೆನ್ನಾಗಿ ಆಡಿದರಾದರೂ ನಂತರ ಗಾಯಗಳಿಂದ ಸೊರಗಿ, 2018ರಲ್ಲಿ ಡಬ್ಲ್ಯುಡಬ್ಲ್ಯುಇ ಕುಸ್ತಿಯತ್ತ ಹೊರಳಿದರು. ಅವರಿಗೆ ಕಳೆದುಕೊಳ್ಳಲು ಕಾಲೇಜು ಸೀಟು ಇರಲಿಲ್ಲ. ನಿಮ್ಮ ಹುಡುಗನಿಗೆ ಇದೆ.

ನನ್ನ ಅಭಿಪ್ರಾಯ ಹೀಗೆ: ಬೋನಸ್ ಭಾರಿಯಾಗಿಲ್ಲದಿದ್ದರೆ ಕಾಲೇಜೇ ಮೇಲು. ವೃತ್ತಿಪರ ಒಪ್ಪಂದಕ್ಕೆ ಒಮ್ಮೆ ಸಹಿ ಹಾಕಿದವನು ಮತ್ತೆ ಕಾಲೇಜು ಬೇಸ್‌ಬಾಲ್ ಆಡುವಂತಿಲ್ಲ. ಕಾಲೇಜು ಸೇರಿದವನನ್ನಾದರೋ ಮೂರನೆಯ ವರ್ಷದ ನಂತರ ಕ್ಲಬ್ಬುಗಳು ಮತ್ತೆ ಆರಿಸಬಹುದು. ದೊಡ್ಡ ಮೊತ್ತವೇ ಬಂದರೆ, ಮುಂದೆ ಓದಲು ಬೇಕಾದ ಕಾಲೇಜು ವೆಚ್ಚವನ್ನು ಕ್ಲಬ್ಬು ಭರಿಸುವ ಷರತ್ತನ್ನು ಒಪ್ಪಂದದಲ್ಲೇ ಬರೆಸಿಕೊಳ್ಳಲಿ. ಇದು ಅಲ್ಲಿ ವಾಡಿಕೆಯಲ್ಲಿರುವ ಷರತ್ತೇ. ಕ್ಲಬ್ಬುಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್ ಜುಲೈಯಲ್ಲಿ ನಡೆಯುತ್ತದೆ, ಅದಕ್ಕೂ ಮೊದಲೇ ಪ್ರತಿಭೆ ಹುಡುಕುವ ಕ್ಲಬ್ಬಿನ ಸ್ಕೌಟುಗಳು ‘ಎಷ್ಟಕ್ಕೆ ಸಹಿ ಹಾಕುತ್ತೀಯ?’ ಎಂದು ಕೇಳುತ್ತಾರೆ. ಭಾವನೂ ಹುಡುಗನೂ ಕೂತು ಆ ಮೊತ್ತವನ್ನು ವಸಂತಕಾಲದಲ್ಲೇ ನಿಗದಿ ಮಾಡಿಕೊಳ್ಳಲಿ, ಅದಕ್ಕಿಂತ ಕಡಿಮೆಗೆ ಫೋನ್ ಬಂದರೆ ಇಬ್ಬರೂ ಒಂದೇ ಉತ್ತರ ಕೊಡಲಿ.